ಮೂಗಿನ ಪ್ಯಾಕ್ ಭಯ: ಹಿಂದಿನ ಸಂಜೆಯ ಇಪ್ಪತ್ತು ನಿಮಿಷ

ಮೂಗಿನ ಆಪರೇಷನ್ ಆದಮೇಲೆ ರಕ್ತ ನಿಲ್ಲಲು ಹೊಳ್ಳೆಯೊಳಗೆ ತುಂಬುವ ಉದ್ದ ಬಟ್ಟೆಪಟ್ಟಿ (ರಿಬ್ಬನ್ ಗಾಜ್) ಇಲ್ಲವೆ ಸ್ಪಂಜೇ ಪ್ಯಾಕ್; ಅದಿರುವಷ್ಟು ಹೊತ್ತು ಬಾಯಲ್ಲೇ ಉಸಿರು. ಅದರ ಅಭ್ಯಾಸಕ್ಕೆಂದು ಆಪರೇಷನ್ ಹಿಂದಿನ ಸಂಜೆ ರೋಗಿಯ ಮೂಗಿಗೆ ಹತ್ತಿ ಇಟ್ಟು ಊಟಕ್ಕೆ ಕೂರಿಸುತ್ತೇನೆ ಎಂದಾಗ ಅನಸ್ತೇಶಿಯಾ ಡಾಕ್ಟರಿಂದ ವಾರ್ಡ್ ಸಿಸ್ಟರ್‌ಗಳವರೆಗೆ ಎಲ್ಲರೂ ಬೇಡ ಎಂದರು. ಮೊದಲೇ ಹೆದರಿದವರು ಬೆಳಿಗ್ಗೆ ಎದ್ದು ಮನೆಗೆ ಹೋಗುತ್ತಾರೆ ಎಂಬುದು ಅವರ ವಾದ. ಮೂರು ವರ್ಷದಲ್ಲಿ ಹಾಗೆ ಹೋದವರು ನನ್ನ ನೆನಪಿನಲ್ಲಿ ಇಬ್ಬರೇ. ರಾತ್ರಿ ಎರಡು ಗಂಟೆಗೆ "ಪ್ಯಾಕ್ ತೆಗೀರಿ" ಎಂದು ವಾರ್ಡಿನಿಂದ ಬರುತ್ತಿದ್ದ ಫೋನು ಹೆಚ್ಚುಕಡಿಮೆ ನಿಂತೇ ಹೋಗಿದೆ.

ಅದಕ್ಕೂ ಮುಂಚೆ ಮಾಡಿದ್ದೆಲ್ಲ ಕೈಕೊಟ್ಟಿತ್ತು. ಸುಮಾರು 1,500 ರೂಪಾಯಿ ಕೊಟ್ಟು ಅಚ್ಚು ಹಾಕಿಸಿದ ಕರಪತ್ರ ದಿಂಬಿನ ಕೆಳಗೇ ಉಳಿಯಿತು. ಮೊಬೈಲಿನಲ್ಲಿ ಪ್ಯಾಕ್ ತೆಗೆಯುವ ವಿಡಿಯೋ ತೋರಿಸಿದ್ದು ಇನ್ನೂ ಕೆಟ್ಟದ್ದಾಯಿತು. ರಿಬ್ಬನ್ ಗಾಜ್ ಮುಗಿಯದಂತೆ ಬರುತ್ತಲೇ ಇರುವುದನ್ನು ನೋಡಿದವರಿಗೆ ಬೇರೇನೂ ನೆನಪಿರುವುದಿಲ್ಲ. "ಏನೂ ನೋವಾಗಲ್ಲ" ಎಂಬ ಮಾತು ಮೊದಲ ಎಳೆತಕ್ಕೇ ಸುಳ್ಳಾಗುತ್ತದೆ, ಆಮೇಲೆ ಇನ್ನೊಂದು ಹೊಳ್ಳೆ ಮುಟ್ಟಲೂ ಬಿಡುವುದಿಲ್ಲ. ರಾತ್ರಿ ನಿದ್ದೆ ಮಾತ್ರೆ ಕೊಡುವುದು ಅಪಾಯವೇ ಸರಿ: ಮೂಗು ಮುಚ್ಚಿದೆ, ಗೊರಕೆಯವರಾದರೆ ರಕ್ತದ ಆಮ್ಲಜನಕ (ಸ್ಯಾಚುರೇಷನ್) ಇಳಿಯಬಹುದು. ಒಳಗೆ ಉಸಿರಿನ ಕೊಳವೆ ಇರುವ, ಸ್ಪಂಜಿನ ಪ್ಯಾಕ್ ಆದ ಮೆರೋಸೆಲ್‌ಗೂ ದುಡ್ಡು ಹಾಕಿದೆ. ಕೆಲವೇ ಗಂಟೆಯಲ್ಲಿ ರಕ್ತ ಹೆಪ್ಪುಗಟ್ಟಿ ಕೊಳವೆ ಕಟ್ಟಿಕೊಳ್ಳುತ್ತದೆ. ಮೂಗಿನಲ್ಲೇ ಉಸಿರಾಡಬಹುದು ಎಂದು ನಂಬಿಕೊಂಡವರು ಆಗ ಪಡುವ ಗಾಬರಿ ಸಾದಾ ಪ್ಯಾಕ್‌ನವರದ್ದಕ್ಕಿಂತ ಹೆಚ್ಚು.

ಈಗ ಮಾಡುವುದು ಇಷ್ಟು. ಒಳಗೆ ಜಾರದಷ್ಟು ದಪ್ಪನೆಯ ಹತ್ತಿ ಉಂಡೆ, ದಾರ ಕಟ್ಟಿದ್ದು, ಸ್ವಲ್ಪ ವ್ಯಾಸಲಿನ್ ಸವರಿ ಹೊಳ್ಳೆಯ ಬಾಯಲ್ಲಷ್ಟೇ ಇಡುತ್ತೇನೆ. ಮೊದಲ ಐದು ನಿಮಿಷ ಸುಮ್ಮನೆ ಬಾಯಲ್ಲಿ ಉಸಿರು. ಆಮೇಲೆ ಗುಟುಕು ನೀರು. ನುಂಗಿದ ಕೂಡಲೇ ಕಿವಿ "ಗುಬ್ಬ್" ಎನ್ನುತ್ತದೆ, ರೋಗಿ ಕಣ್ಣರಳಿಸುತ್ತಾರೆ. ಗಾಳಿಗೆ ಮೂಗಿನ ಕಡೆ ದಾರಿಯಿಲ್ಲ, ಒತ್ತಡ ಕಿವಿಗೆ ಹೋಗುತ್ತದೆ, ನಾಳೆಯೂ ಹೀಗೇ ಆಗುತ್ತದೆ ಎಂದು ಆಗಲೇ ಹೇಳಬೇಕು. ನಂತರ ನಾಲ್ಕು ತುತ್ತು ಮೊಸರನ್ನ. ರುಚಿ ಸಪ್ಪೆ, ಅಗಿಯುತ್ತ ಉಸಿರಾಡಲು ಆಗುವುದಿಲ್ಲ; ಸಣ್ಣ ತುತ್ತು, ನಡುವೆ ಉಸಿರು ಎಂಬ ಲಯ ಅಲ್ಲೇ ಕೂಡಿಬರುತ್ತದೆ. ಕೊನೆಗೆ ಎರಡು ದಿಂಬು ಕೊಟ್ಟು ಮಲಗಿಸುತ್ತೇನೆ. ಇಪ್ಪತ್ತು ನಿಮಿಷ ಆದಮೇಲೆ ಹತ್ತಿಯನ್ನು ಅವರ ಕೈಯಿಂದಲೇ ತೆಗೆಸುತ್ತೇನೆ, ಜೊತೆಗೆ ನಾಳೆಯ ಪ್ಯಾಕ್‌ಗೆ ಮಾತ್ರ ಕೈ ಹಾಕಬಾರದು ಎಂದು ಎರಡು ಸಲ ಹೇಳುತ್ತೇನೆ.

ಅಷ್ಟರಲ್ಲಿ ಅವಧಿ ಮೀರಿದ ಒಂದು ಮೆರೋಸೆಲ್ ಅವರ ಕೈಗೆ ಕೊಟ್ಟಿರುತ್ತೇನೆ. ಒಣಗಿದ್ದಾಗ ರಟ್ಟಿನ ಹಾಗೆ ಗಟ್ಟಿ, ಅಂಚು ಚೂಪು. ಸ್ಟೀಲ್ ಬಟ್ಟಲಿನ ಸಲೈನ್‌ಗೆ ಹಾಕಿದರೆ ಕಣ್ಣೆದುರೇ ಉಬ್ಬಿ ಬೆರಳಿಗೆ ಮೆತ್ತಗೆ ಸಿಗುತ್ತದೆ. ಒಣಗಿದ್ದನ್ನು ಎಳೆದರೆ ಗೀರುತ್ತದೆ, ನೆನೆದದ್ದು ಜಾರುತ್ತದೆ ಎಂದು ವಿವರಿಸುವ ಕೆಲಸವೇ ಇಲ್ಲ. ಮರುದಿನ ಅವರೇ ಕೇಳುತ್ತಾರೆ, "ನೆನೆಸಿದ್ರಾ ಸಾರ್?"

ಅನಸ್ತೇಶಿಯಾದಿಂದ ಎಚ್ಚರವಾಗುವ ಹೊತ್ತಿನ ಮಾತು ಒಂದೇ ಇರಬೇಕು. "ಬಾಯಲ್ಲಿ ಉಸಿರಾಡಿ" ಎಂದು ಸಂಜೆ ಹೇಳಿದ್ದನ್ನೇ, ಅದೇ ಪದದಲ್ಲಿ, ಆಪರೇಷನ್ ಥಿಯೇಟರ್‌ನಲ್ಲೂ ಹೇಳಬೇಕು. ಇದಕ್ಕೆ ಅನಸ್ತೇಶಿಯಾದವರನ್ನು ಒಪ್ಪಿಸಲು ಸ್ವಲ್ಪ ಕಾಲ ಹಿಡಿಯಿತು. ರಾತ್ರಿ ಬಾಯಿ ಮೇಲೆ ಒದ್ದೆ ಗಾಜ್, ತುಟಿಗೆ ತುಪ್ಪ, ತಲೆ ಎತ್ತರ. ಕಣ್ಣೀರು, ತಲೆಭಾರ, ಮೂಗಿನ ಕೆಳಗಿನ ಬ್ಯಾಂಡೇಜ್ ಮೂರು ನಾಲ್ಕು ಸಲ ನೆನೆಯುವುದು ಸಹಜ. ಗಂಟಲಿಗೆ ರಕ್ತ ಇಳಿದು ಪದೇಪದೇ ನುಂಗುತ್ತಿದ್ದರೆ, ಜ್ವರದ ಜೊತೆ ಮೈಮೇಲೆ ಕೆಂಪು ಗಂಧೆ, ವಾಂತಿ ಬಂದರೆ ಸಹಜವಲ್ಲ. ತಕ್ಷಣ ಕರೆಯಬೇಕು ಎಂದು ಮನೆಯವರಿಗೂ ಹೇಳಿರುತ್ತೇನೆ.

ನಾನು ಪ್ಯಾಕ್ ತೆಗೆಯುವುದು ಆಪರೇಷನ್ ಆಗಿ 24 ಗಂಟೆಗೆ. ರಕ್ತ ಜಾಸ್ತಿ ಇದ್ದರೆ 48. ಹೊಟ್ಟೆಗೆ ತಿಂಡಿ ಬಿದ್ದಿರಬೇಕು, ಖಾಲಿ ಹೊಟ್ಟೆಯವರೇ ತಲೆ ಸುತ್ತಿ ಬೀಳುವುದು. ಮುಕ್ಕಾಲು ಗಂಟೆ ಮೊದಲು ಪ್ಯಾರಾಸಿಟಮಾಲ್ ಒಂದು ಗ್ರಾಂ. ಮರಗಟ್ಟಿಸುವ ಔಷಧ 4% ಲಿಗ್ನೊಕೇನ್ ಒಂದೊಂದು ಬದಿಗೆ 2 ಮಿ.ಲೀ.ನಷ್ಟು ಸ್ಪಂಜಿನೊಳಗೇ ಹಾಕುತ್ತೇನೆ, ತೂಕ ನೋಡಿಕೊಂಡು. ಅದರ ಮೇಲೆ ಸಲೈನ್. ಆಮೇಲೆ ಗಡಿಯಾರ ನೋಡಿ ಪೂರ್ತಿ ಹದಿನೈದು ನಿಮಿಷ. ಎಲ್ಲರೂ ಎಡವುವುದು ಇಲ್ಲೇ: ಒಪಿಡಿ ತುಂಬಿದೆ ಎಂದು ಮೂರೇ ನಿಮಿಷಕ್ಕೆ ಎಳೆದರೆ ಹಿಂದಿನ ಸಂಜೆಯ ಕೆಲಸವೆಲ್ಲ ನೀರುಪಾಲು. ಅರೆಮಲಗಿದ ಭಂಗಿ, ಕಿಡ್ನಿ ಟ್ರೇ ರೋಗಿಯ ಕೈಯಲ್ಲೇ, ಬಾಯಲ್ಲಿ ಉದ್ದಕ್ಕೆ ಉಸಿರು ಬಿಡುವಾಗ ಮೂಗಿನ ನೆಲಕ್ಕೆ ಸಮವಾಗಿ ಎಳೆತ, ಮೇಲ್ಮುಖವಾಗಿ ಬೇಡ. ಇನ್ನೊಂದು ಬದಿ ಐದು ನಿಮಿಷ ಬಿಟ್ಟು. ಎಳೆಯುವ ಕ್ಷಣದಲ್ಲಿ ರೋಗಿಗೆ ಏನು ಕೇಳುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನೋಡಬೇಕೆಂದವರು ಒಂದು ಬೆಳಿಗ್ಗೆ ವಾರ್ಡಿಗೆ ಬನ್ನಿ.

ಖರ್ಚಿನ ಲೆಕ್ಕದಲ್ಲಿ ರಿಬ್ಬನ್ ಗಾಜ್ ಇಪ್ಪತ್ತು ಮೂವತ್ತು ರೂಪಾಯಿಗೆ ಮುಗಿಯುತ್ತದೆ, 8 ಸೆಂ.ಮೀ. ಮೆರೋಸೆಲ್ ನಮಗೆ ಜೋಡಿಗೆ 800ರ ಆಸುಪಾಸು. ಪುಡಿಯಿಲ್ಲದ ಗ್ಲೌಸಿನ ಬೆರಳು ಕತ್ತರಿಸಿ ಅದರೊಳಗೆ ಸ್ಪಂಜ್ ತೂರಿಸಿದರೆ ಒಳಪದರಕ್ಕೆ ಅಂಟುವುದು ಕಡಿಮೆ. ದಾರ ಸ್ಪಂಜು, ಗ್ಲೌಸು ಎರಡನ್ನೂ ಹಾಯ್ದಿರಬೇಕು, ಇಲ್ಲದಿದ್ದರೆ ಗ್ಲೌಸಿನ ಬೆರಳು ಮೂಗಿನ ಒಳಗೇ ಉಳಿದೀತು. ತಾನಾಗಿ ಕರಗುವ ಪ್ಯಾಕ್ ಚೆನ್ನಾಗಿದೆ, ಆದರೆ ನಮ್ಮ ರೋಗಿಗಳ ಜೇಬಿಗೆ ಎಟುಕುವುದಿಲ್ಲ.

ಬರೀ ಸೆಪ್ಟಮ್ (ಮೂಗಿನ ನಡುಗೋಡೆ) ಆಪರೇಷನ್ ಆದರೆ ತಾನಾಗಿ ಕರಗುವ ದಾರ 4-0 ವಿಕ್ರಿಲ್‌ನಲ್ಲಿ ನಡುಗೋಡೆಯ ಎರಡೂ ಪದರ ಸೇರಿಸುವ ಕ್ವಿಲ್ಟಿಂಗ್ ಹೊಲಿಗೆ ಹಾಕಿ ಪ್ಯಾಕನ್ನೇ ಬಿಟ್ಟು ನೋಡುತ್ತಿದ್ದೇನೆ. ಹತ್ತು ಹನ್ನೆರಡು ನಿಮಿಷ ಹೆಚ್ಚು ಹಿಡಿಯುತ್ತದೆ. ಟರ್ಬಿನೇಟ್ (ಮೂಗಿನೊಳಗೆ ಪಕ್ಕದ ಗೋಡೆಯ ಉಬ್ಬು) ಕತ್ತರಿಸಿದ್ದರೆ ಆ ಧೈರ್ಯ ನನಗಿನ್ನೂ ಬಂದಿಲ್ಲ. ಮಕ್ಕಳಲ್ಲಿ ಹತ್ತಿ ಅಭ್ಯಾಸ ನಡೆಯಲಿಲ್ಲ, ಎರಡನೇ ನಿಮಿಷಕ್ಕೇ ಕಿತ್ತೆಸೆಯುತ್ತಾರೆ. ಹತ್ತು ಹನ್ನೆರಡು ವರ್ಷದೊಳಗಿನವರಿಗೆ ಅದನ್ನು ಕೈಬಿಟ್ಟಿದ್ದೇನೆ. ಬಟ್ಟಲಿನಲ್ಲಿ ಸ್ಪಂಜ್ ಉಬ್ಬಿಸುವ ಆಟ ಮಾತ್ರ ಅವರಿಗೂ ಇಷ್ಟ.