ಎನ್ಜೈಮ್ ಇನ್ಹಿಬಿಷನ್ ಅರ್ಥ ಆಗ್ಬೇಕಾ? ಮೊದಲು ಒಂದು ಸೇಬು ಹೆಚ್ಚಿ

ಎನ್ಜೈಮ್ ಅಂದ್ರೆ ಜೀವಕೋಶದ ರಾಸಾಯನಿಕ ಕ್ರಿಯೆಗೆ ವೇಗ ಕೊಡೋ ಪ್ರೋಟೀನು, ಅದರ ಕೆಲಸಕ್ಕೆ ತಡೆ ಹಾಕೋದೇ ಇನ್ಹಿಬಿಷನ್. ಮುಂಬೈ ಹತ್ರದ ಡೊಂಬಿವ್ಲಿಲಿ ನಮ್ಮ ಬಿಲ್ಡಿಂಗಲ್ಲಿ ನೀಟ್ ಪರೀಕ್ಷೆಗೆ ಓದೋ ಮಕ್ಕಳು ಈ ಚಾಪ್ಟರ್ ಬಂದ ತಕ್ಷಣ ಗ್ರಾಫ್ ಬಾಯಿಪಾಠ ಶುರು ಮಾಡ್ತಾರೆ, ಅದು ಆಮೇಲೆ ಇರ್ಲಿ. ಸೇಬಿನ ನಾಲ್ಕು ತೆಳು ಹೋಳು ಮಾಡಿ. ಒಂದು ಹಾಗೇ ತಟ್ಟೆಲಿ ಇರ್ಲಿ, ಒಂದಕ್ಕೆ ನಿಂಬೆರಸ ಸವರಿ, ಒಂದನ್ನ ಐದು ನಿಮಿಷ ಕುದಿಸಿ ತೆಗೀರಿ, ಕೊನೇದನ್ನ ನೀರಲ್ಲಿ ಪೂರ್ತಿ ಮುಳುಗಿಸಿ. ಅರ್ಧ ಗಂಟೆ ಬಿಟ್ಟು ಬನ್ನಿ.

ಹಾಗೇ ಬಿಟ್ಟ ಹೋಳು ಕಂದಾಗಿರುತ್ತೆ. ಕಂದು ಮಾಡೋದು ಪಾಲಿಫಿನಾಲ್ ಆಕ್ಸಿಡೇಸ್ ಅನ್ನೋ ಎನ್ಜೈಮ್, ಅದರ ಆಕ್ಟಿವ್ ಸೈಟಲ್ಲಿ (ಕೆಲಸ ನಡೆಯೋ ಜಾಗದಲ್ಲಿ) ತಾಮ್ರ ಇದೆ, ಕೆಲಸಕ್ಕೆ ಆಕ್ಸಿಜನ್ ಬೇಕು. ನಿಂಬೆರಸ ಪಿಎಚ್ ಇಳಿಸುತ್ತೆ, ಸಿಟ್ರಿಕ್ ಆಸಿಡ್ ತಾಮ್ರನೂ ಹಿಡ್ಕೊಳ್ಳುತ್ತೆ, ವಿಟಮಿನ್ ಸಿ ಮಾತ್ರ ಮುಖ್ಯವಾಗಿ ಆಗ್ಲೇ ಹುಟ್ಟಿದ ಕ್ವಿನೋನನ್ನ (ಮುಂದೆ ಕಂದು ಬಣ್ಣ ಆಗೋ ವಸ್ತುನ) ಮೊದಲಿನ ರೂಪಕ್ಕೆ ವಾಪಸ್ ತಿರುಗಿಸುತ್ತೆ, ಅದು ಖರ್ಚಾದ ಮೇಲೆ ಬಣ್ಣ ಬರೋಕೆ ಶುರು. ಮಾಟುಂಗಾ ಮಾರ್ಕೆಟ್ಟಿಂದ ತಂದ ಬಾಳೆದಿಂಡನ್ನ ಅಮ್ಮಂದಿರು ಹೆಚ್ಚಿದ ಕೂಡ್ಲೇ ಮಜ್ಜಿಗೆ ನೀರಿಗೆ ಹಾಕೋದೂ ಇದಕ್ಕೇ, ಹುಳಿ ಇದೆ, ಗಾಳಿ ತಾಗಲ್ಲ.

ಈಗ ಮುಖ್ಯವಾದ್ದು. ನೀರಲ್ಲಿದ್ದ ಹೋಳನ್ನ ಹೊರಗಿಡಿ, ನಿಧಾನಕ್ಕೆ ಕಂದಾಗುತ್ತೆ, ಅಂದ್ರೆ ಎನ್ಜೈಮಿಗೆ ಏನೂ ಆಗಿರ್ಲಿಲ್ಲ, ಆಕ್ಸಿಜನ್ ಸಾಲ್ತಿರ್ಲಿಲ್ಲ ಅಷ್ಟೆ. ಕುದಿಸಿದ್ದು ತಣ್ಣಗಾದ್ರೂ ಆಗಲ್ಲ, ಪ್ರೋಟೀನಿನ ಮಡಿಕೆನೇ ಬಿಚ್ಚಿಹೋಗಿದೆ. ಯಾವ ಇನ್ಹಿಬಿಟರ್ (ತಡೆಯೋ ವಸ್ತು) ಬಂದ್ರೂ ಮೊದಲ ಪ್ರಶ್ನೆ ಇದೇ ಇರ್ಲಿ: ತಡೆ ತೆಗೆದ್ರೆ ಕೆಲಸ ವಾಪಸ್ ಬರುತ್ತಾ? ಆಸ್ಪಿರಿನಲ್ಲಿ ಬರಲ್ಲ: ಅದು ಸೈಕ್ಲೋಆಕ್ಸಿಜನೇಸ್ ಅನ್ನೋ ಎನ್ಜೈಮಿಗೆ ಅಸಿಟೈಲ್ ಗುಂಪು ಅಂಟಿಸಿಬಿಡುತ್ತೆ, ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್ಲೆಟ್ಟಿಗೆ ನ್ಯೂಕ್ಲಿಯಸ್ ಇಲ್ಲ, ಹೊಸ ಎನ್ಜೈಮ್ ಸರಿಯಾಗಿ ಮಾಡ್ಕೊಳ್ಳೋಕಾಗಲ್ಲ, ಅದಕ್ಕೇ ಎಫೆಕ್ಟ್ ಆ ಪ್ಲೇಟ್ಲೆಟ್ ಬದುಕಿರೋ 7ರಿಂದ 10 ದಿನ ಇರುತ್ತೆ.

ವಾಪಸ್ ಬರುತ್ತೆ ಅಂದ್ರೆ ಎರಡನೇ ಪ್ರಶ್ನೆ, ಸಬ್‌ಸ್ಟ್ರೇಟ್ (ಎನ್ಜೈಮ್ ಯಾವುದರ ಮೇಲೆ ಕೆಲಸ ಮಾಡುತ್ತೋ ಆ ವಸ್ತು) ಜಾಸ್ತಿ ಸುರಿದ್ರೆ ಇನ್ಹಿಬಿಟರ್ ಸೋಲುತ್ತಾ? ಸೋತ್ರೆ ಕಾಂಪಿಟಿಟಿವ್. ಸಕ್ಸಿನೇಟ್ ಥರಾನೇ ಇರೋ ಮ್ಯಾಲೋನೇಟ್ ಸಕ್ಸಿನೇಟ್ ಡಿಹೈಡ್ರೋಜಿನೇಸಿನ ಅದೇ ಜಾಗಕ್ಕೆ ಬಂದು ಕೂರುತ್ತೆ, ಕೆಎಂ (ಅರ್ಧ ವೇಗ ಮುಟ್ಟೋಕೆ ಬೇಕಾದ ಸಬ್‌ಸ್ಟ್ರೇಟ್ ಪ್ರಮಾಣ) ಏರುತ್ತೆ, ವಿಮ್ಯಾಕ್ಸ್ (ಗರಿಷ್ಠ ವೇಗ) ಬದಲಾಗಲ್ಲ. ಸೋಲ್ಲಿಲ್ಲ, ವಿಮ್ಯಾಕ್ಸ್ ಇಳೀತು, ಕೆಎಂ ಹಾಗೇ ಇದೆ ಅಂದ್ರೆ ನಾನ್‌ಕಾಂಪಿಟಿಟಿವ್. ಈಗ ಸಬ್‌ಸ್ಟ್ರೇಟ್ ಏರಿದ ಹಾಗೆ ವೇಗ ಹೇಗಾಗುತ್ತೆ ಅನ್ನೋ ಗ್ರಾಫ್ ನೀವೇ ಬರೀರಿ, ಬಂದೇ ಬರುತ್ತೆ.

ಅಲೋಸ್ಟೆರಿಕ್ ರೆಗ್ಯುಲೇಷನ್ನಿಗೆ (ಆಕ್ಟಿವ್ ಸೈಟ್ ಬಿಟ್ಟು ಬೇರೆ ಜಾಗದಲ್ಲಿ ಕೂತು ಎನ್ಜೈಮಿನ ಕೆಲಸ ಏರಿಳಿಸೋದಕ್ಕೆ) ಗ್ಲೈಕಾಲಿಸಿಸ್ಸಿನ, ಅಂದ್ರೆ ಗ್ಲೂಕೋಸ್ ಒಡೆಯೋ ದಾರಿಯ, ಫಾಸ್ಫೋಫ್ರಕ್ಟೋಕೈನೇಸ್ ಎನ್ಜೈಮ್ ಒಂದನ್ನ ಸರಿಯಾಗಿ ಹಿಡೀರಿ. ಜೀವಕೋಶದ ಶಕ್ತಿ ನಾಣ್ಯ ಎಟಿಪಿ ಜಾಸ್ತಿ ಆದ್ರೆ ಬ್ರೇಕ್, ಶಕ್ತಿ ಕಮ್ಮಿ ಆದಾಗ ಹೆಚ್ಚೋ ಎಎಂಪಿ ಏರಿದ್ರೆ ಆ ಬ್ರೇಕ್ ಸಡಿಲ. ಎಟಿಪಿ ಇದಕ್ಕೆ ಸಬ್‌ಸ್ಟ್ರೇಟಾ ಇನ್ಹಿಬಿಟರಾ ಅಂತ ಕೇಳಿದ್ರೆ ಎರಡೂ ಅಂತ ಹೇಳಿ, ಕೂರೋ ಜಾಗ ಬೇರೆ ಬೇರೆ ಅನ್ನೋದನ್ನ ಮರೀದೇ ಸೇರಿಸಿ.