ಅಕ್ವೇರಿಯಂ ದೀಪಕ್ಕೆ ಟೈಮರ್ ಅಳವಡಿಸುವ ಕ್ರಮ

ಗಿಡಗಳಿರುವ ಮೀನಿನ ತೊಟ್ಟಿಗೆ ಸಾಮಾನ್ಯವಾಗಿ ದಿನಕ್ಕೆ 6ರಿಂದ 8 ಗಂಟೆಗಳ ದೀಪದ ಬೆಳಕು ಸಾಕು. ಹೊಸ ತೊಟ್ಟಿಯಾದರೆ 6 ಗಂಟೆಯಿಂದಲೇ ಆರಂಭಿಸುವುದು ಒಳ್ಳೆಯದು. ಮನೆಯವರ ಬಿಡುವಿಗೆ ತಕ್ಕಂತೆ ಸ್ವಿಚ್ ಹಾಕಿ ಆರಿಸುತ್ತಿದ್ದರೆ ಒಂದು ದಿನ 4 ಗಂಟೆ, ಮರುದಿನ 12 ಗಂಟೆ ದೀಪ ಉರಿಯುತ್ತದೆ, ಗಾಜಿನ ಮೇಲೆ ಪಾಚಿ ಕಟ್ಟುವುದಕ್ಕೆ ಇದೂ ಒಂದು ಕಾರಣ. ಟೈಮರ್ ಬೇಕಾಗುವುದು ಇಲ್ಲಿ.

ಮೆಕ್ಯಾನಿಕಲ್ ಟೈಮರಿನ ಮುಖದ ಮೇಲೆ 24 ಗಂಟೆಗಳನ್ನು ಗುರುತಿಸಿದ ತಿರುಗುವ ಬಿಲ್ಲೆಯಿದ್ದು, ಅದರ ಅಂಚಿನಲ್ಲಿ ಸಾಮಾನ್ಯವಾಗಿ 15 ನಿಮಿಷಕ್ಕೊಂದರಂತೆ 96 ಸಣ್ಣ ಕಡ್ಡಿಗಳಿರುತ್ತವೆ. ಹೆಚ್ಚಿನ ಮಾದರಿಗಳಲ್ಲಿ ದೀಪ ಉರಿಯಬೇಕಾದ ಹೊತ್ತಿನ ಕಡ್ಡಿಗಳನ್ನು ಕೆಳಕ್ಕೆ ಒತ್ತಿ, ಬಿಲ್ಲೆಯನ್ನು ಬಾಣದ ದಿಕ್ಕಿನಲ್ಲಿ ಮಾತ್ರ ತಿರುಗಿಸಿ, ಈಗಿನ ಸಮಯವನ್ನು ಗುರುತಿನ ಎದುರಿಗೆ ತಂದು ನಿಲ್ಲಿಸಬೇಕು. ಇದು ಸರಳವಾದ ಸಾಧನ, ಆದರೆ ಕರೆಂಟ್ ಹೋದಾಗ ಬಿಲ್ಲೆಯೂ ನಿಂತುಬಿಡುತ್ತದೆ. ಎರಡು ಗಂಟೆ ಕರೆಂಟ್ ಇಲ್ಲದಿದ್ದರೆ, ನಾವು ಸರಿಪಡಿಸುವವರೆಗೂ ಟೈಮರ್ ಎರಡು ಗಂಟೆ ಹಿಂದೆಯೇ ನಡೆಯುತ್ತದೆ. ಮಳೆಗಾಲದಲ್ಲಿ ಆಗಾಗ ಕರೆಂಟ್ ಕೈಕೊಡುವ ಊರುಗಳವರು ಸ್ವಲ್ಪ ಹೆಚ್ಚು ಹಣ ಕೊಟ್ಟು, ಒಳಗೆ ಪುಟ್ಟ ಬ್ಯಾಟರಿಯಿರುವ ಡಿಜಿಟಲ್ ಟೈಮರನ್ನೇ ಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಅದನ್ನು ಮೊದಲು ಕೆಲವು ಗಂಟೆ ಸಾಕೆಟ್ಟಿನಲ್ಲಿಟ್ಟು ಚಾರ್ಜ್ ಮಾಡಿ, ಬಳಿಕ ಸಮಯ ಹೊಂದಿಸಿ, ಕೊನೆಗೆ ‘ಆಟೋ’ ಸ್ಥಿತಿಗೆ ತರಬೇಕು. ‘ಆನ್’ ಸ್ಥಿತಿಯಲ್ಲೇ ಬಿಟ್ಟರೆ ದೀಪ ಆರುವುದೇ ಇಲ್ಲ.

ಫಿಲ್ಟರನ್ನು ಮಾತ್ರ ಯಾವ ಕಾರಣಕ್ಕೂ ಟೈಮರಿಗೆ ಜೋಡಿಸಬಾರದು. ಮೀನಿನ ತ್ಯಾಜ್ಯದಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟಾಗಿ, ಬಳಿಕ ನೈಟ್ರೇಟಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿರುತ್ತವೆ, ಅವಕ್ಕೆ ಆಮ್ಲಜನಕವಿರುವ ನೀರು ಸದಾ ಹರಿಯುತ್ತಿರಬೇಕು. ವಿದ್ಯುತ್ ಉಳಿಸಲೆಂದು ರಾತ್ರಿಯಿಡೀ ಫಿಲ್ಟರ್ ನಿಲ್ಲಿಸಿದರೆ ಅವು ಸಾಯತೊಡಗುತ್ತವೆ, ಅದರ ಫಲವನ್ನು ಮೀನುಗಳು ಉಣ್ಣಬೇಕಾಗುತ್ತದೆ. ಹೀಟರಿಗೂ ಟೈಮರ್ ಬೇಡ, ನೀರಿನ ಬಿಸಿಗೆ ತಕ್ಕಂತೆ ಅದನ್ನು ಹಾಕಿ ಆರಿಸುವ ಕೆಲಸವನ್ನು ಒಳಗಿನ ಥರ್ಮೋಸ್ಟಾಟೇ ಮಾಡುತ್ತದೆ.

ಏರ್ ಪಂಪಿನ ವಿಷಯ ಬೇರೆ. ದೀಪ ಆರಿದ ಮೇಲೆ ಗಿಡಗಳೂ ನೀರಿನ ಆಮ್ಲಜನಕವನ್ನೇ ಬಳಸುವುದರಿಂದ, ದಟ್ಟವಾಗಿ ಗಿಡ ಬೆಳೆದ ತೊಟ್ಟಿಯಲ್ಲಿ ಎರಡನೆಯ ಟೈಮರಿನಿಂದ ಪಂಪನ್ನು ರಾತ್ರಿ ಹೊತ್ತು ನಡೆಸುವುದು ಉಪಯುಕ್ತ. ಗಿಡಗಳಿಗೆ ಇಂಗಾಲದ ಡೈಆಕ್ಸೈಡ್ ಕೊಡುವವರು ಅದರ ಸೊಲೆನಾಯ್ಡ್ ವಾಲ್ವನ್ನು (ವಿದ್ಯುತ್ತಿನಿಂದ ತೆರೆದು ಮುಚ್ಚುವ ಕವಾಟ) ದೀಪ ಹತ್ತುವ ಸುಮಾರು ಒಂದು ಗಂಟೆ ಮೊದಲು ತೆರೆದು, ದೀಪ ಆರುವ ಒಂದು ಗಂಟೆ ಮೊದಲು ಮುಚ್ಚುವಂತೆ ಹೊಂದಿಸಬೇಕು.

ಟೈಮರಿನ ಮೇಲೆ ಬರೆದಿರುವ ಆಂಪಿಯರ್ ಮಿತಿ ಬಹುಪಾಲು ಹೀಟರಿನಂಥ ಸಾಧನಗಳಿಗೆ ಅನ್ವಯಿಸುವಂಥದು. ಮೋಟರ್ ಮತ್ತು ಎಲ್‌ಇಡಿ ಅಡಾಪ್ಟರುಗಳಿಗೆ ಮಿತಿ ಅದಕ್ಕಿಂತ ಬಹಳ ಕಡಿಮೆಯಿರಬಹುದಾದ್ದರಿಂದ, ಒಂದೇ ಟೈಮರಿಗೆ ಎಕ್ಸ್‌ಟೆನ್ಷನ್ ಬೋರ್ಡ್ ಸಿಕ್ಕಿಸಿ ಎಲ್ಲವನ್ನೂ ಜೋಡಿಸಬೇಡಿ. ಟೈಮರನ್ನು ತೊಟ್ಟಿಯ ಕೆಳಗಿಡದೆ, ನೀರು ಸಿಡಿಯದಂತೆ ಪಕ್ಕದ ಗೋಡೆಯ ಸಾಕೆಟ್ಟಿನಲ್ಲಿಡಿ. ಪ್ರತಿಯೊಂದು ವೈರೂ ಸಾಕೆಟ್ಟಿಗಿಂತ ಕೆಳಕ್ಕೆ ಇಳಿದು, ಬಾಗಿ, ಮತ್ತೆ ಮೇಲೇರುವಂತಿದ್ದರೆ ವೈರಿನ ಮೇಲೆ ಜಾರಿ ಬರುವ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿನವರೆಗೆ ತಲುಪುವುದಿಲ್ಲ. ಅರ್ಥಿಂಗ್ ಸರಿಯಿರಲಿ, ಆ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದ ಕೂಡಲೇ ಕರೆಂಟ್ ಕಡಿಯುವ ಸ್ವಿಚ್) ಇರಲಿ. ಟೈಮರ್ ದೀಪವನ್ನು ಆರಿಸಿದೆಯೆಂಬ ಭರವಸೆಯಿಂದ ನೀರಿಗೆ ಕೈಹಾಕದೆ, ತೊಟ್ಟಿಯ ಸಾಧನಗಳ ಪ್ಲಗ್ಗುಗಳನ್ನೆಲ್ಲ ಮೊದಲು ಕಿತ್ತಿಡಿ. ಕೆಲಸ ಮುಗಿದ ಕೂಡಲೇ ಫಿಲ್ಟರನ್ನು ಮರೆಯದೆ ಮತ್ತೆ ಚಾಲೂ ಮಾಡಿ.