ಇಂಗ್ಲೆಂಡಿನಲ್ಲಿ ಕೋರ್ಟು ಲಕೋಟೆಯಲ್ಲಿ ಬರುತ್ತದೆ

ಕೋರ್ಟು ಅಂದರೆ ನಮಗೆ ಕಟಕಟೆ, ಕರಿ ಕೋಟು, ಹೆಸರು ಹಿಡಿದು ಕೂಗುವ ಜವಾನ. ಇಲ್ಲಿ ಸಣ್ಣಪುಟ್ಟ ಕೇಸಿಗೆ ಅದ್ಯಾವುದೂ ಬೇಕಿಲ್ಲ. ಅಂಚೆಯಲ್ಲಿ ಒಂದು ಲಕೋಟೆ ಬರುತ್ತದೆ, ಅಷ್ಟೇ.

ಅತಿವೇಗ, ಇನ್ಶೂರೆನ್ಸ್ ಇಲ್ಲದ ಕಾರು, ಲೈಸೆನ್ಸ್ ಇಲ್ಲದೆ ಟಿವಿ ನೋಡುವುದು ಇಂಥ ಜೈಲಿಲ್ಲದ ಕೇಸುಗಳಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2015ರಿಂದ 'ಸಿಂಗಲ್ ಜಸ್ಟಿಸ್ ಪ್ರೊಸೀಜರ್' ಇದೆ. ಒಬ್ಬರೇ ಮ್ಯಾಜಿಸ್ಟ್ರೇಟ್, ನೆರವಿಗೊಬ್ಬ ಕಾನೂನು ಸಲಹೆಗಾರರು. ಕಾಗದ ನೋಡಿ ತೀರ್ಪು. ಉತ್ತರಿಸಲು ನಿಮಗೆ 21 ದಿನ. ತಪ್ಪಿಲ್ಲ ಎಂದರೆ ಕೇಸು ತೆರೆದ ಕೋರ್ಟಿಗೆ ಹೋಗುತ್ತದೆ. ಸುಮ್ನೆ ಇದ್ದರೆ ನಿಮ್ಮ ಮಾತು ಕೇಳದೆಯೇ ತೀರ್ಪಾಗಬಹುದು.

ತಮಾಷೆ ನೋಡಿ, 'ಕೇಳದೆ ಶಿಕ್ಷಿಸಬೇಡ' ಎಂಬ ಮಾತು ಬೆಳೆದದ್ದೇ ಈ ನೆಲದಲ್ಲಿ. ಡಾ. ಬೆಂಟ್ಲಿ ಎಂಬ ವಿದ್ವಾಂಸನ ಪದವಿಗಳನ್ನು ಕೇಂಬ್ರಿಜ್ ವಿಶ್ವವಿದ್ಯಾಲಯ ಅವನನ್ನು ವಿಚಾರಿಸದೆ ಕಿತ್ತುಕೊಂಡಿತ್ತು. 1723ರಲ್ಲಿ ಕೋರ್ಟು ಅವನ್ನು ವಾಪಸ್ ಕೊಡಿಸಿತು. ಆಗ ಒಬ್ಬ ನ್ಯಾಯಾಧೀಶರು ಬೈಬಲ್ಲಿನ ಆದಾಮನನ್ನು ನೆನೆದರು: ದೇವರೂ ಅವನ ಮಾತು ಕೇಳಿಯೇ ಶಿಕ್ಷಿಸಿದ. ದೇವರಿಗೆ ಎಲ್ಲ ಗೊತ್ತಿತ್ತು, ಅಲ್ವಾ? ಆದರೂ ಕೇಳಿದ. ತಪ್ಪು ಎದ್ದು ಕಾಣುವಾಗಲೂ ಕೇಳಬೇಕು ಎಂಬುದೇ ಇದರ ತಿರುಳು. ಈಗಿನ ಪದ್ಧತಿ ಕೇಳುತ್ತದೆ ನಿಜ, ಆದರೆ ಹಳೇ ವಿಳಾಸದಲ್ಲೂ ಕೇಳಿಬಿಡುತ್ತದೆ. ನನಗೆ ಇದು ಅಷ್ಟು ಸರಿ ಕಾಣುವುದಿಲ್ಲ.

ಗೆಳೆಯರೊಬ್ಬರು ಮನೆ ಬದಲಿಸಿದಾಗ ಡ್ರೈವಿಂಗ್ ಲೈಸೆನ್ಸಿನ ವಿಳಾಸ ಬದಲಿಸಿದರು, ಕಾರಿನ ಲಾಗ್‌ಬುಕ್ಕಿನದು (ನೋಂದಣಿ ಪತ್ರದ್ದು) ಮರೆತರು. ಎರಡೂ ಬೇರೆ ಬೇರೆ, ಎರಡನ್ನೂ ವಾಹನ ಮತ್ತು ಲೈಸೆನ್ಸ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿವಿಎಲ್‌ಎಗೆ ತಿಳಿಸಬೇಕು. ಕೇಸಿನ ಲಕೋಟೆ ಲಾಗ್‌ಬುಕ್ಕಿನ ಹಳೇ ವಿಳಾಸಕ್ಕೆ ಹೋಯಿತು. ದಂಡದ ಕಾಗದ ಕೈಸೇರುವಷ್ಟರಲ್ಲಿ ತೀರ್ಪು ಮುಗಿದಿತ್ತು. ಹೀಗಾದರೆ ದಾರಿಯಿದೆ. ಕೇಸಿನ ವಿಷಯ ಗೊತ್ತಾದ 21 ದಿನದೊಳಗೆ, 'ನನಗೆ ಇದು ತಿಳಿದಿರಲಿಲ್ಲ' ಎಂದು 'ಸ್ಟ್ಯಾಚುಟರಿ ಡಿಕ್ಲರೇಷನ್' (ಪ್ರಮಾಣ ಮಾಡಿದ ಹೇಳಿಕೆ) ಕೊಡಿ. ಆ ತೀರ್ಪು ಬಿದ್ದುಹೋಗಿ ಕೇಸು ಮೊದಲಿನಿಂದ ನಡೆಯುತ್ತದೆ. ಸುಳ್ಳು ಹೇಳಿದರೆ ಅದೇ ಇನ್ನೊಂದು ಅಪರಾಧ, ಹುಷಾರು.

ನಮ್ಮವರು ಜಾಸ್ತಿ ಎಡವುವುದು ಫಾರಂ ತುಂಬುವಾಗ. ರಗಳೆ ಬೇಡವೆಂದು 'ಗಿಲ್ಟಿ'ಗೆ ಟಿಕ್ ಹಾಕುತ್ತಾರೆ, ಕೆಳಗಿನ ಜಾಗದಲ್ಲಿ 'ಆ ದಿನ ಕಾರು ಓಡಿಸಿದ್ದು ನಾನಲ್ಲ' ಎಂದು ಬರೆಯುತ್ತಾರೆ! ನೀವಲ್ಲದಿದ್ದರೆ 'ನಾಟ್ ಗಿಲ್ಟಿ'. ನೀವೇ ಆಗಿದ್ದರೆ ಬೇಗ ಒಪ್ಪಿಕೊಳ್ಳಿ, ದಂಡದಲ್ಲಿ ಮೂರನೇ ಒಂದು ಭಾಗದವರೆಗೆ ಕಡಿತ ಸಿಗುತ್ತದೆ. ಆದಾಯದ ಪುಟ ಖಾಲಿ ಬಿಡಬೇಡಿ. ಬಿಟ್ಟರೆ ಕೋರ್ಟೇ ಒಂದು ಸಂಬಳ ಅಂದಾಜು ಮಾಡಿ ದಂಡ ಹಾಕುತ್ತದೆ.

ವಿಚಾರಣೆಗೆ ಹೋಗಬೇಕಾಗಿ ಬಂದು ಇಂಗ್ಲಿಷ್ ಕಷ್ಟವೆನಿಸಿದರೆ ಕನ್ನಡ ದುಭಾಷಿ ಬೇಕೆಂದು ಮೊದಲೇ ತಿಳಿಸಿ. ಆರೋಪಿಗೆ ಅದರ ಖರ್ಚಿಲ್ಲ. ಪ್ರಮಾಣಕ್ಕೆ ಭಗವದ್ಗೀತೆ ಕೇಳಬಹುದು, ದೇವರ ಹೆಸರಿಲ್ಲದೆಯೂ ಪ್ರಮಾಣ ಮಾಡಬಹುದು.